ಕಷಾಯದ ಜೊತೆ ಕುಡಿದ ನೀರು ಯಾರ ಲೆಕ್ಕಕ್ಕೆ?

ಆಯುರ್ವೇದದಲ್ಲಿ ತೃಣಪಂಚಮೂಲ ಎಂಬ ಒಂದು ಕೂಟವಿದೆ. ಐದು ಬಗೆಯ ಹುಲ್ಲಿನ ಬೇರುಗಳನ್ನು ಕೂಡಿಸಿ ಕುದಿಸಿ, ಮೂತ್ರ ಸಲೀಸಾಗಿ ಹೋಗಲೆಂದು ಕೊಡುವ ಕಷಾಯ ಅದು. ದರ್ಭೆ, ಕುಶ, ಕಾಶಗಳ ಜೊತೆಗೆ ಕಬ್ಬಿನ ಬೇರೂ ಆ ಐದರಲ್ಲಿ ಬರುತ್ತದೆ. ಗ್ರಂಥದಿಂದ ಗ್ರಂಥಕ್ಕೆ ಪಟ್ಟಿ ತುಸು ಬದಲಾದರೂ ಕಬ್ಬು ಸಾಮಾನ್ಯವಾಗಿ ತಪ್ಪುವುದಿಲ್ಲ. ಮುಧೋಳ, ಜಮಖಂಡಿ, ರಾಯಬಾಗ, ಅಥಣಿ, ಇಂಡಿಯ ಕಡೆಯ ಹೊಲಗಳಲ್ಲಿ ಹಂಗಾಮು ಶುರುವಾಯಿತೆಂದರೆ ಕಬ್ಬು ಕಡಿಯುವ ಟೋಳಿಗಳು ದಿನವಿಡೀ ನಡ ಬಗ್ಗಿಸಿ ಬುಡ ಕಡಿಯುತ್ತವೆ, ಅದೇ ಬೇರನ್ನು ಕೂಳೆಗೆಂದು, ಅಂದರೆ ಅದರಿಂದಲೇ ಮರುಬೆಳೆ ಚಿಗುರಲೆಂದು, ನೆಲದಲ್ಲಿ ಬಿಟ್ಟು ಮುಂದಿನ ಸಾಲಿಗೆ ಹೋಗುತ್ತವೆ. ಟೋಳಿಯ ಹೆಣ್ಣುಮಕ್ಕಳು ನಸುಕಿನಲ್ಲಿ ಹೊಲಕ್ಕೆ ಇಳಿಯುವ ಮೊದಲೇ ನೀರು ಕುಡಿಯುವುದನ್ನು ಕಡಿಮೆ ಮಾಡಿರುತ್ತಾರೆ. ಕಾರಣ ಕೇಳಬೇಕಿಲ್ಲ, ಹೊಲದ ಬದುವಿನ ಮೇಲೆ ಅರ್ಧ ದಿನ ನಿಂತರೆ ಕಾಣುತ್ತದೆ: ಕಬ್ಬು ಕಡಿದಷ್ಟೂ ಮರೆ ಕಡಿಮೆಯಾಗುತ್ತದೆ. ಬೆಳಿಗ್ಗೆ ಆಳೆತ್ತರದ ಬೆಳೆ ಇದ್ದಲ್ಲಿ ಮಧ್ಯಾಹ್ನದ ಹೊತ್ತಿಗೆ ರವದಿ (ಕಬ್ಬಿನ ಒಣ ಗರಿ) ಹಾಸಿದ ಬಯಲು. ತಮ್ಮ ಕೈಯಾರೆ ಮರೆಯನ್ನು ಕಡಿದುಕೊಳ್ಳುತ್ತ ಹೋಗುವ ಕೆಲಸ ಇದು.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳು ಕಬ್ಬಿಗೆ ಹೆಸರಾದಂತೆ ಔಷಧ ವಿಜ್ಞಾನದ ಕಾಲೇಜು, ಆಯುರ್ವೇದ ಮಹಾವಿದ್ಯಾಲಯ, ವೈದ್ಯಕೀಯ ಸಂಶೋಧನಾಲಯಗಳಿಗೂ ಹೆಸರಾಗಿವೆ. ಬೆಳಗಾವಿಯ ಶಹಾಪುರದಲ್ಲಿ 1933ರಿಂದ ಆಯುರ್ವೇದ ಮಹಾವಿದ್ಯಾಲಯವಿದೆ. ನೆಹರೂ ನಗರದಲ್ಲಿರುವ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಪಾರಂಪರಿಕ ವೈದ್ಯಕೀಯ ಸಂಸ್ಥೆಯು 2006ರಲ್ಲಿ ಪ್ರಾದೇಶಿಕ ವೈದ್ಯಕೀಯ ಸಂಶೋಧನಾ ಕೇಂದ್ರವಾಗಿ ಆರಂಭವಾದದ್ದು. ಗಿಡಮೂಲಿಕೆಯ ಸಾರದಿಂದ ಮೂತ್ರಪಿಂಡದ ಹರಳು ಕರಗುತ್ತದೆಯೇ, ಉರಿಮೂತ್ರ ತರುವ ರೋಗಾಣು ಸಾಯುತ್ತದೆಯೇ ಎಂದು ನೋಡುವ ಪ್ರಯೋಗಗಳು ದೇಶದ ಔಷಧ ವಿಜ್ಞಾನ ವಿದ್ಯಾರ್ಥಿಗಳಿಗೆ ಬಹಳ ಪರಿಚಿತವಾದ ವಿಷಯ. ಸಾಮಗ್ರಿ ಅಗ್ಗ, ಗಿಡ ಊರಲ್ಲೇ ಸಿಗುತ್ತದೆ, ಫಲಿತಾಂಶ ಒಂದು ಸೆಮಿಸ್ಟರಿನಲ್ಲಿ ಕೈಗೆ ಬರುತ್ತದೆ. ನನ್ನ ತಕರಾರು ಇಂಥ ಸಂಶೋಧನೆ ನಡೆಯುತ್ತಿರುವುದರ ಬಗ್ಗೆ ಅಲ್ಲ. ಸಾರವನ್ನು ಮಿಲಿಗ್ರಾಮಿನಲ್ಲಿ ತೂಗುವ ಶಿಸ್ತು, ಅದರ ಜೊತೆಗೆ ಕುಡಿದ ನೀರನ್ನು ಮತ್ತು ಕೆಲಸದ ಜಾಗದಲ್ಲಿ ತಡೆದಿಟ್ಟ ಮೂತ್ರವನ್ನು ಅಳೆಯುವುದಕ್ಕೆ ಮಾತ್ರ ಬರದೇ ಹೋಗಿದೆ ಎಂಬುದರ ಬಗ್ಗೆ.

ಮೊದಲು ಕೆಲಸ ದೇಹಕ್ಕೆ ಏನು ಮಾಡುತ್ತದೆ ಎಂಬುದನ್ನು ನೋಡಬೇಕು. ಬಿಸಿಲಲ್ಲಿ ಅಥವಾ ಕುಲುಮೆಯ ಮುಂದೆ ದುಡಿಯುವವರ ಮೈಯಿಂದ ಗಂಟೆಗೆ ಅರ್ಧ ಲೀಟರಿನಿಂದ ಒಂದು ಲೀಟರಿನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೆವರು ಹೋಗಬಹುದು. ಅಷ್ಟು ನೀರು ಹೊರಗಿನಿಂದ ಸೇರದಿದ್ದರೆ ಮೂತ್ರಪಿಂಡ ತನ್ನ ಪಾಲಿನ ನೀರನ್ನು ಉಳಿಸಿಕೊಂಡು ಮೂತ್ರವನ್ನು ಗಟ್ಟಿ ಮಾಡುತ್ತದೆ. ಮೂತ್ರದಲ್ಲಿ ಕರಗಿದ ಕ್ಯಾಲ್ಸಿಯಂ ಮತ್ತು ಆಕ್ಸಲೇಟ್ ಒಂದು ಮಿತಿ ದಾಟಿದ ಮೇಲೆ ಕರಗಿದ ಸ್ಥಿತಿಯಲ್ಲಿ ನಿಲ್ಲಲಾರವು, ಹರಳಾಗಿ ಕೂಡಿಕೊಳ್ಳುತ್ತವೆ. ಬೆಲ್ಲದ ಪಾಕ ಗಟ್ಟಿಯಾಗುತ್ತ ಹೋದಂತೆ ಸಕ್ಕರೆ ಹರಳುಗಟ್ಟುವುದನ್ನು ಮಹಾಲಿಂಗಪುರದ ಕಡೆ ಕೊಪ್ಪರಿಗೆಯ ಮುಂದೆ ನಿಂತು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೂತ್ರಪಿಂಡದ ಹರಳುಗಳಲ್ಲಿ ಬಹುಪಾಲು ಈ ಕ್ಯಾಲ್ಸಿಯಂ ಆಕ್ಸಲೇಟಿನವೇ.

ಇದು ಬರೀ ತರ್ಕವಲ್ಲ. ಇಟಲಿಯ ಗಾಜಿನ ಕಾರ್ಖಾನೆಯೊಂದರ ಕಾರ್ಮಿಕರ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಸಿ ಯಂತ್ರಗಳ ಮುಂದೆ ನಿಲ್ಲುವವರಲ್ಲಿ ಶೇ. 8.5 ಜನರಿಗೆ ಹರಳಿನ ತೊಂದರೆ ಇತ್ತು. ಅದೇ ಕಾರ್ಖಾನೆಯ ಸಾಮಾನ್ಯ ಉಷ್ಣತೆಯ ವಿಭಾಗಗಳಲ್ಲಿ ಅದು ಶೇ. 2.4 ಮಾತ್ರ. ಬ್ರೆಜಿಲ್‌ನ ಉಕ್ಕಿನ ಕಾರ್ಖಾನೆಯ ಕಾರ್ಮಿಕರಲ್ಲಿ, 2005ರಲ್ಲಿ ಪ್ರಕಟವಾದಂತೆ, ಈ ಅಂತರ ಶೇ. 8 ಮತ್ತು ಶೇ. 0.9. ಬೆಳಗಾವಿಯ ಉದ್ಯಮಬಾಗದಲ್ಲಿ ಎರಕ ಹೊಯ್ಯುವ ಫೌಂಡ್ರಿಗಳು ಸಾಲಾಗಿವೆ. ಇಳಕಲ್ಲಿನ ಸುತ್ತ ಕೆಂಪು ಗ್ರಾನೈಟಿನ ಕ್ವಾರಿಗಳಿವೆ, ನೆರಳೆಂದರೆ ಕ್ರೇನಿನ ನೆರಳು. ಗಾಜು ಮತ್ತು ಉಕ್ಕಿನ ಕಾರ್ಮಿಕರ ಲೆಕ್ಕವನ್ನು ಹಾಗೆಯೇ ಎತ್ತಿ ಇಲ್ಲಿಗೆ ಅಂಟಿಸಲಾಗದು, ಆದರೆ ಇಲ್ಲಿಯೂ ಕೇಳಬೇಕಾದ ಪ್ರಶ್ನೆ ಅದೇ ಎಂಬುದರಲ್ಲಿ ಸಂಶಯವಿಲ್ಲ.

ಕಬ್ಬಿನ ಹೊಲದ ಕಥೆ ಹರಳಿಗಿಂತ ಗಂಭೀರವಾದದ್ದಕ್ಕೂ ಮುಟ್ಟುತ್ತದೆ. ಮಧ್ಯ ಅಮೆರಿಕದ ಎಲ್ ಸಾಲ್ವಡೋರ್ ಮತ್ತು ನಿಕರಾಗುವಾದಲ್ಲಿ, ಸಕ್ಕರೆ ಕಾಯಿಲೆಯಾಗಲಿ ರಕ್ತದೊತ್ತಡವಾಗಲಿ ಇಲ್ಲದ ಹರೆಯದ ಗಂಡಾಳುಗಳ ಮೂತ್ರಪಿಂಡಗಳು ಸೋಲುತ್ತಿರುವುದನ್ನು ಈ ಶತಮಾನದ ಆರಂಭದಲ್ಲಿ ವೈದ್ಯರು ಗುರುತಿಸಿದರು. ಅವರಲ್ಲಿ ದೊಡ್ಡ ಪಾಲು ಕಬ್ಬು ಕಡಿಯುವವರು. ಪೂರ್ತಿ ಕಾರಣ ಇನ್ನೂ ವಾದದಲ್ಲಿದೆ, ಬಿಸಿಲು ಮತ್ತು ಮತ್ತೆ ಮತ್ತೆ ಆಗುವ ನಿರ್ಜಲತೆ ಮುಖ್ಯ ಸಂಶಯಿತರು. ನಿಕರಾಗುವಾದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನೀರು, ನೆರಳು, ವಿರಾಮ ಎಂಬ ಮೂರನ್ನು ವ್ಯವಸ್ಥಿತವಾಗಿ ಜಾರಿಗೆ ತಂದು ಅಳೆದಾಗ, ವಿರಾಮ ಹೆಚ್ಚಿದಂತೆ ಸುಗ್ಗಿಯ ಅವಧಿಯಲ್ಲಿನ ಮೂತ್ರಪಿಂಡದ ಹಾನಿ ಕಡಿಮೆಯಾದದ್ದು ದಾಖಲಾಯಿತು. ನಮ್ಮ ದೇಶದಲ್ಲಿ ಇಂಥದೇ ಒಗಟಿನ ಕಾಯಿಲೆಗೆ ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಹೆಸರಾಗಿದೆ. ನಮ್ಮಲ್ಲಿ ಕಬ್ಬು ಕಡಿಯುವ ಕೆಲಸದ ಬಹುಭಾಗ ಚಳಿಗಾಲದಲ್ಲಿ ಬರುವುದು ಒಂದು ಪುಣ್ಯ. ಹಂಗಾಮು ಫೆಬ್ರವರಿ ದಾಟಿ ಮಾರ್ಚಿಗೆ ಎಳೆದಾಗ ಆ ಪುಣ್ಯ ಮುಗಿಯುತ್ತದೆ.

ಇನ್ನು ಸೋಂಕಿನ ವಿಷಯ. ಮೂತ್ರ ಬಂದಾಗ ಹೋದರೆ, ಮೂತ್ರನಾಳದಲ್ಲಿ ಮೇಲೇರಲು ನೋಡುವ ರೋಗಾಣುಗಳನ್ನು ಹರಿವು ತೊಳೆದು ಹಾಕುತ್ತದೆ. ಗಂಟೆಗಟ್ಟಲೆ ತಡೆದರೆ ಅವಕ್ಕೆ ಬೆಚ್ಚನೆಯ ನಿಂತ ನೀರು ಸಿಕ್ಕಂತೆ. ಹೆಣ್ಣಿನ ಮೂತ್ರನಾಳ ಗಿಡ್ಡ, ಆದ್ದರಿಂದ ಅಪಾಯ ಹೆಚ್ಚು. ಕಬ್ಬಿನ ಟೋಳಿಯ ಹೆಂಗಸರು, ಬಸ್ಸಿನ ಕಂಡಕ್ಟರ್‌ಗಳು, ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಲ್ಲುವ ಹುಡುಗಿಯರು, ಬಂದೋಬಸ್ತಿಗೆ ನಿಂತ ಮಹಿಳಾ ಪೊಲೀಸರು, ಇವರ ಕಸುಬು ಬೇರೆ ಬೇರೆಯಾದರೂ ‘ಒಂದಕ್ಕ ಹ್ವಾದ್ರ ಉರಿತೈತಿ’ ಎಂಬ ಮಾತು ಮಾತ್ರ ಒಂದೇ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತ ಇಳಕಲ್ಲಿನ ನೇಕಾರರು ಮನೆಯಲ್ಲೇ ಇರುತ್ತಾರಲ್ಲ ಎನ್ನಬಹುದು. ಟೋಪಿ ತೆಣಿಯ ಸೆರಗು ಕೂಡಿಸುವ ಹೊತ್ತಿನಲ್ಲಿ ನಡುವೆ ಎದ್ದು ಹೋಗುವುದು ಸುಲಭವಲ್ಲ ಎಂಬುದು ಆ ಕೆಲಸ ಕಂಡವರಿಗೆ ಗೊತ್ತು.

ಈಗ ಪ್ರಯೋಗಾಲಯದ ಒಳಗೆ ಹೋಗೋಣ. ಹರಳು ಕರಗಿಸುವ ಶಕ್ತಿಯನ್ನು ಪರೀಕ್ಷಿಸಲು ನಮ್ಮ ಔಷಧ ವಿಜ್ಞಾನ ಕಾಲೇಜುಗಳಲ್ಲಿ ಬಹಳ ಬಳಕೆಯಲ್ಲಿರುವ ಒಂದು ವಿಧಾನದ ಮುಖ್ಯ ಉಪಕರಣ ಕೋಳಿಮೊಟ್ಟೆ. ಮೊಟ್ಟೆಯನ್ನು ಆಮ್ಲದಲ್ಲಿ ರಾತ್ರಿಯಿಡೀ ನೆನೆಹಾಕಿದರೆ ಸುಣ್ಣದ ಚಿಪ್ಪು ಕರಗಿ ಹೋಗಿ ಒಳಗಿನ ತೆಳು ಪೊರೆ ಉಳಿಯುತ್ತದೆ. ಅದರ ತುದಿಗೆ ಸಣ್ಣ ತೂತು ಮಾಡಿ ಲೋಳೆಯನ್ನೂ ಭಂಡಾರವನ್ನೂ ಹಿಂಡಿ ತೆಗೆಯುತ್ತಾರೆ. ಪೊರೆ ಹರಿಯದಂತೆ ಇದನ್ನು ಮಾಡುವುದೇ ಅರ್ಧ ಕೌಶಲ. ಮೊದಲ ಸಲ ಮಾಡುವ ವಿದ್ಯಾರ್ಥಿಯ ಬಳಿ ಒಂದು ಡಜನ್ ಮೊಟ್ಟೆ ಇದ್ದರೆ ಒಳ್ಳೆಯದು. ಖಾಲಿಯಾದ ಪೊರೆಯ ಚೀಲದೊಳಗೆ 1 ಮಿಲಿಗ್ರಾಂ ಕ್ಯಾಲ್ಸಿಯಂ ಆಕ್ಸಲೇಟ್ ಮತ್ತು 10 ಮಿಲಿಗ್ರಾಂ ಗಿಡದ ಸಾರ ಹಾಕಿ, ಬಾಯಿ ಹೊಲಿದು, ಬಫರ್ ದ್ರಾವಣವಿರುವ ಫ್ಲಾಸ್ಕಿನಲ್ಲಿ ತೂಗುಬಿಟ್ಟು 37 ಡಿಗ್ರಿ ಶಾಖದಲ್ಲಿ ಇಡುತ್ತಾರೆ. ಆಮೇಲೆ ಚೀಲದಲ್ಲಿ ಉಳಿದದ್ದನ್ನು ಗಂಧಕಾಮ್ಲದಲ್ಲಿ ಕರಗಿಸಿ, ಬ್ಯುರೆಟ್ಟಿನಿಂದ ಪೊಟ್ಯಾಸಿಯಂ ಪರ್ಮಾಂಗನೇಟ್ ಹನಿಹನಿಯಾಗಿ ಬಿಟ್ಟು, ತಿಳಿಗುಲಾಬಿ ಬಣ್ಣ ನಿಲ್ಲುವ ಕ್ಷಣಕ್ಕೆ ಕಾಯುತ್ತಾರೆ. ಆ ಬಣ್ಣ ನಿಲ್ಲುವ ಹನಿಯ ಲೆಕ್ಕದಿಂದ ಎಷ್ಟು ಉಳಿಯಿತು, ಎಷ್ಟು ಕರಗಿತು ಎಂದು ಹೇಳಬಹುದು.

ಚೆಂದದ, ಬಡ ಪ್ರಯೋಗಾಲಯಕ್ಕೂ ಎಟುಕುವ ವಿಧಾನ. ಆದರೆ ಅದನ್ನು ಬಳಸಿದ ಹಲವು ಪ್ರಬಂಧಗಳಲ್ಲಿ ಒಂದೇ ವಾಕ್ಯ ಮತ್ತೆ ಮತ್ತೆ ಬರುತ್ತದೆ: 0.9494 ನಾರ್ಮಲ್ ಪರ್ಮಾಂಗನೇಟಿನ 1 ಮಿಲಿಲೀಟರ್ 0.1898 ಮಿಲಿಗ್ರಾಂ ಕ್ಯಾಲ್ಸಿಯಂಗೆ ಸಮ ಎಂದು (ನಾರ್ಮಲ್ ಎಂಬುದು ದ್ರಾವಣದ ಬಲದ ಅಳತೆ). ಪದವಿಪೂರ್ವ ತರಗತಿಯ ರಸಾಯನಶಾಸ್ತ್ರ ನೆನಪಿದ್ದವರು ಲೆಕ್ಕ ಹಾಕಿ ನೋಡಬಹುದು. 1 ನಾರ್ಮಲ್ ದ್ರಾವಣದ 1 ಮಿಲಿಲೀಟರ್ ಸುಮಾರು 20 ಮಿಲಿಗ್ರಾಂ ಕ್ಯಾಲ್ಸಿಯಂಗೆ ಸಮವಾಗಬೇಕು, ಹಾಗಾಗಿ 0.9494 ನಾರ್ಮಲ್‌ಗೆ 19 ಮಿಲಿಗ್ರಾಂ ಬರಬೇಕು. ಅಚ್ಚಾದ ಸಂಖ್ಯೆ ಅದರ ನೂರನೇ ಒಂದು ಭಾಗ. ಎಲ್ಲೋ ಒಂದು ಕಡೆ ದಶಾಂಶ ಬಿಂದು ಎರಡು ಮನೆ ಜರುಗಿರಬೇಕು, ಆಮೇಲೆ ಬಂದವರು ನಕಲು ಮಾಡುತ್ತ ಹೋಗಿರಬೇಕು. ಎಲ್ಲ ಸಾರಗಳನ್ನೂ ಅದೇ ತಪ್ಪು ಗುಣಕದಿಂದ ಅಳೆದಿದ್ದರೆ ಒಂದಕ್ಕೊಂದು ಹೋಲಿಕೆ ಕೆಡುವುದಿಲ್ಲ, ನಿಜ. ಆದರೆ ಬ್ಯುರೆಟ್ ಹಿಡಿದವರು ತಮ್ಮ ಮುಂದಿನ ದ್ರಾವಣದ ಬಲವನ್ನು ತಾವೇ ಒಮ್ಮೆ ಲೆಕ್ಕ ಹಾಕಿ ನೋಡಿಲ್ಲವೆಂಬುದನ್ನು ಅದು ಹೇಳುತ್ತದೆ. ನನಗೆ ಗಿಡದ ಮೇಲಿರುವ ಅನುಮಾನಕ್ಕಿಂತ ಈ ಅಭ್ಯಾಸದ ಮೇಲಿನ ಅನುಮಾನ ದೊಡ್ಡದು.

ಪ್ರಮಾಣದ ಪ್ರಶ್ನೆ ಇದಕ್ಕಿಂತ ಮುಖ್ಯ. ಚೀಲದಲ್ಲಿ ಹರಳಿಗೂ ಸಾರಕ್ಕೂ ಇರುವ ಅನುಪಾತ 1ಕ್ಕೆ 10. ಐದು ಮಿಲಿಮೀಟರ್ ಅಡ್ಡಗಲದ ಗುಂಡು ಹರಳೊಂದನ್ನು ತೆಗೆದುಕೊಳ್ಳಿ; ಅದರ ತೂಕ ಸುಮಾರು 140 ಮಿಲಿಗ್ರಾಂ ಆಗುತ್ತದೆ. ಅದೇ ಅನುಪಾತ ಬೇಕೆಂದರೆ ಹೆಚ್ಚುಕಡಿಮೆ ಒಂದೂವರೆ ಗ್ರಾಂ ಸಾರ ಆ ಹರಳಿನ ಸುತ್ತ ಕದಲದೆ ನಿಂತಿರಬೇಕು. ಬಾಯಿಂದ ಹೋದ ಸಾರ ಜಠರದಲ್ಲಿ ಒಡೆದು, ಕರುಳಲ್ಲಿ ಹೀರಲ್ಪಟ್ಟು, ಪಿತ್ತಜನಕಾಂಗ ಬದಲಿಸಿದ ಮೇಲೆ ಉಳಿದ ಚೂರುಪಾರು ಮಾತ್ರ ಮೂತ್ರಕ್ಕೆ ಬರುತ್ತದೆ, ಬಂದದ್ದು ನಿಲ್ಲುವುದೂ ಇಲ್ಲ, ಹರಿದು ಹೋಗುತ್ತದೆ. ಮೊಟ್ಟೆಯ ಚೀಲದಲ್ಲಿ ಕರಗಿತು ಎಂಬ ಮಾತು ಸುಳ್ಳಲ್ಲ, ಹೊಟ್ಟೆಯೊಳಗೂ ಕರಗುತ್ತದೆ ಎಂಬ ಮಾತಿಗೆ ಅದು ಪುರಾವೆಯಲ್ಲ.

ರೋಗಾಣುವಿನ ಪರೀಕ್ಷೆಯಲ್ಲೂ ಇದೇ ಕಥೆ. ಸಾಮಾನ್ಯ ಮೂತ್ರಸೋಂಕಿನಲ್ಲಿ ಹತ್ತಕ್ಕೆ ಏಳೆಂಟು ಸಲ ಸಿಗುವುದು ಇ. ಕೋಲಿ ಎಂಬ ಬ್ಯಾಕ್ಟೀರಿಯಾ. ರೋಗಾಣು ಬೆಳೆಸುವ ಅಗರ್ ತಟ್ಟೆಯ ಮೇಲೆ ಅದನ್ನು ಹರಡಿ, ನಡುವೆ ಬಾವಿಯಂಥ ಕುಳಿ ಕೊರೆದು, ಅದರಲ್ಲಿ ಸಾರ ಸುರಿದರೆ ಮರುದಿನ ಸುತ್ತಲೂ ರೋಗಾಣು ಬೆಳೆಯದ ಒಂದು ಉಂಗುರ ಕಾಣುತ್ತದೆ. ಉಂಗುರದ ಅಗಲವನ್ನು ಸ್ಕೇಲಿನಲ್ಲಿ ಅಳೆದು, ಪಕ್ಕದಲ್ಲಿ ಆ್ಯಂಟಿಬಯಾಟಿಕ್ ಬಿಲ್ಲೆಯ ಉಂಗುರ ಇಟ್ಟು, ‘ಹೆಚ್ಚುಕಡಿಮೆ ಸಮ’ ಎಂದು ಬರೆಯುವುದುಂಟು. ಮಿಲಿಲೀಟರಿಗೆ 100 ಮಿಲಿಗ್ರಾಂ ಬಲದ ಸಾರವನ್ನು 100 ಮೈಕ್ರೋಲೀಟರ್ ಹಾಕಿದರೆ ಕುಳಿಯಲ್ಲಿ 10 ಮಿಲಿಗ್ರಾಂ ಇದೆ ಎಂದರ್ಥ. ಸಿಪ್ರೋಫ್ಲಾಕ್ಸಸಿನ್ ಬಿಲ್ಲೆಯಲ್ಲಿ ಇರುವುದು 5 ಮೈಕ್ರೋಗ್ರಾಂ. ಎರಡು ಸಾವಿರ ಪಟ್ಟು ಹೆಚ್ಚು ಹಾಕಿ ಸಮ ಬಂತು ಎಂದರೆ ಅದು ಸಮವೇ ಅಲ್ಲ. ಸಾರವೆಂಬುದು ನೂರಾರು ವಸ್ತುಗಳ ಮಿಶ್ರಣ, ಮಾತ್ರೆಯ ಶುದ್ಧ ಅಣುವಿಗೆ ಅದನ್ನು ಹೋಲಿಸುವುದು ನ್ಯಾಯವಲ್ಲ ಎಂದು ವಾದಿಸಬಹುದು. ಒಪ್ಪೋಣ. ಆದರೆ ಹಾಗೆ ವಾದಿಸುವವರು ಮೊದಲ ಪುಟದಲ್ಲಿ ಆ ಹೋಲಿಕೆಯನ್ನು ಮಾಡಬಾರದು.

ಮೂರನೆಯ ಹಂತ ಇಲಿಗಳದು. ಕುಡಿಯುವ ನೀರಿಗೆ ಶೇ. 0.75 ಎಥಿಲೀನ್ ಗ್ಲೈಕಾಲ್ ಬೆರೆಸಿ 28 ದಿನ ಕುಡಿಸಿದರೆ ಇಲಿಯ ಪಿತ್ತಜನಕಾಂಗ ಅದನ್ನು ಆಕ್ಸಲೇಟ್ ಆಗಿ ಬದಲಿಸುತ್ತದೆ, ಮೂತ್ರಪಿಂಡದಲ್ಲಿ ಹರಳು ತುಂಬುತ್ತದೆ. ಕೆಲವು ಗುಂಪಿಗೆ ಮೊದಲ ದಿನದಿಂದ, ಕೆಲವಕ್ಕೆ ಹದಿನೈದನೇ ದಿನದಿಂದ ಸಾರ ಕೊಡುತ್ತಾರೆ. ಮನುಷ್ಯರಿಗೆ ಹರಳಾಗುವ ದಾರಿ ಇದಲ್ಲ, ಎಥಿಲೀನ್ ಗ್ಲೈಕಾಲ್ ತಾನೇ ಮೂತ್ರಪಿಂಡಕ್ಕೆ ವಿಷ ಎಂಬ ಆಕ್ಷೇಪ ಹಳೆಯದು. ನನ್ನನ್ನು ಕಾಡುವುದು ಇನ್ನೊಂದು ವಿಷಯ. ಈ ಇಲಿಗಳನ್ನು ಮೆಟಬಾಲಿಕ್ ಪಂಜರದಲ್ಲಿಟ್ಟು 24 ಗಂಟೆಯ ಮೂತ್ರವನ್ನು ಹನಿಬಿಡದೆ ಹಿಡಿದು ಅಳೆಯುತ್ತಾರೆ. ಇಂಥ ಪ್ರಬಂಧಗಳ ಕೋಷ್ಟಕಗಳಲ್ಲಿ, ಸಾರ ಪಡೆದ ಇಲಿಗಳ ಮೂತ್ರದ ಪ್ರಮಾಣ ಏರಿರುವುದು ಸಾಮಾನ್ಯವಾಗಿ ಕಾಣುತ್ತದೆ. ನೆಗ್ಗಿಲು, ಹುರಳಿ, ವರುಣ, ಬಿಳಿಹಿಂಡಿ ಮೊದಲಾದವುಗಳನ್ನು ಮೂತ್ರಲ, ಅಂದರೆ ಮೂತ್ರ ಹೆಚ್ಚಿಸುವಂಥವು, ಎಂದೇ ಪರಂಪರೆ ಕರೆದಿದೆ, ಅಚ್ಚರಿಯೇನಿಲ್ಲ. ಆದರೆ ಮೂತ್ರ ಹೆಚ್ಚಾಗಿ, ತಿಳಿಯಾಗಿ, ಹರಳು ಕಡಿಮೆಯಾಗಿದ್ದರೆ ಅದು ಗಿಡದ ವಿಶೇಷ ಗುಣವೋ ಅಥವಾ ಬರೀ ನೀರಿನ ಗುಣವೋ? ಈ ಪ್ರಶ್ನೆಗೆ ಉತ್ತರ ಬೇಕಾದರೆ, ಸಾರವಿಲ್ಲದೆ ಅಷ್ಟೇ ಮೂತ್ರ ಹೋಗುವಂತೆ ಹೆಚ್ಚು ನೀರು ಕುಡಿಸಿದ ಇಲಿಗಳ ಒಂದು ಗುಂಪು ಇರಲೇಬೇಕು. ಆ ಗುಂಪನ್ನು ಇಡುವವರು ವಿರಳ.

ಗಿಡ ಯಾವುದು ಎಂಬುದೇ ಖಚಿತವಿಲ್ಲದಿದ್ದರೆ ಈ ಎಲ್ಲ ಅಳತೆಯೂ ವ್ಯರ್ಥ. ಪಾಷಾಣಭೇದ ಎಂಬ ಹೆಸರು ಹಿಮಾಲಯದ ಕಡೆ ಬರ್ಜೀನಿಯಾ ಎಂಬ ಗಿಡಕ್ಕೆ ಸಲ್ಲುತ್ತದೆ. ದಕ್ಷಿಣದಲ್ಲಿ ಅದೇ ಹೆಸರಿನಲ್ಲಿ ಬಿಳಿಹಿಂಡಿ, ಕಾಡುಬಸಳೆ ಹಾಗೂ ಇನ್ನೂ ಕೆಲವು ಗಿಡಗಳು ನಡೆಯುತ್ತವೆ. ಬ್ರೆಜಿಲ್‌ನಲ್ಲಿ ‘ಕಲ್ಲು ಒಡೆಯುವ ಗಿಡ’ ಎಂದು ಹೆಸರಾಗಿ ಅಧ್ಯಯನವಾದದ್ದು ಫಿಲಾಂಥಸ್ ನಿರೂರಿ. ನಮ್ಮ ಹೊಲದ ಬದುವಿನಲ್ಲಿ ನೆಲನೆಲ್ಲಿ ಎಂದು ಕಿತ್ತು ತರುವುದು ಬಹುಮಟ್ಟಿಗೆ ಅದರ ದಾಯಾದಿ ಅಮಾರಸ್. ಅಲ್ಲಿಯ ಫಲಿತಾಂಶವನ್ನು ಇಲ್ಲಿಯ ಗಿಡಕ್ಕೆ ಕಟ್ಟುವಾಗ ಈ ಭೇದವನ್ನು ಹೇಳದಿರುವುದು ಸಣ್ಣ ತಪ್ಪಲ್ಲ. ತಪ್ಪು ಗಿಡದ ಬೆಲೆ ಎಷ್ಟಾಗಬಹುದೆಂಬುದಕ್ಕೆ ಬೆಲ್ಜಿಯಂನ ಉದಾಹರಣೆಯಿದೆ. ಅಲ್ಲಿ 1990ರ ದಶಕದ ಆರಂಭದಲ್ಲಿ ತೂಕ ಇಳಿಸುವ ಚೀನೀ ಗಿಡಮೂಲಿಕೆಯ ಮಾತ್ರೆಗಳಲ್ಲಿ ಒಂದು ಬೇರಿನ ಬದಲು ಅರಿಸ್ಟೊಲೋಕಿಯಾ ಜಾತಿಯ ಬೇರು ಸೇರಿಹೋಗಿ ಸುಮಾರು ನೂರು ಹೆಂಗಸರ ಮೂತ್ರಪಿಂಡಗಳು ಕೆಟ್ಟವು, ಹಲವರಿಗೆ ಮೂತ್ರಮಾರ್ಗದ ಕ್ಯಾನ್ಸರೂ ಬಂತು. ಅರಿಸ್ಟೊಲೋಕಿಯಾ ನಮಗೆ ದೂರದ ಗಿಡವಲ್ಲ, ಹಾವು ಕಡಿತಕ್ಕೆಂದು ಹಳ್ಳಿಯ ಮದ್ದಿನಲ್ಲಿ ಹೆಸರಾದ ಈಶ್ವರಿ ಬೇರು ಅದೇ ಕುಲದ್ದು. ‘ಗಿಡದ ಔಷಧಿ, ಅಡ್ಡಪರಿಣಾಮ ಇಲ್ಲ’ ಎಂಬ ಮಾತನ್ನು ಮೂತ್ರಪಿಂಡದ ವಿಷಯದಲ್ಲಂತೂ ಯಾರೂ ಹೇಳಬಾರದು. ಸಾರ ತೆಗೆಯುವ ಮುನ್ನ ಗಿಡದ ಒಣ ಮಾದರಿಯನ್ನು ಹರ್ಬೇರಿಯಂ ಎಂಬ ಸಸ್ಯ ಸಂಗ್ರಹದಲ್ಲಿ ಸಂಖ್ಯೆ ಹಾಕಿ ಇಡುವುದು ಬೇಸರದ ವಿಧಿಯಲ್ಲ, ಪ್ರಯೋಗದ ಅರ್ಧ ಮರ್ಯಾದೆ ಅಲ್ಲಿದೆ.

ಮನುಷ್ಯರ ಮೇಲಿನ ಪರೀಕ್ಷೆಗಳಿಗೆ ಬಂದರೆ ಚಿತ್ರ ಮಿಶ್ರವಾಗಿದೆ. ನಮ್ಮ ಪ್ರಯೋಗಾಲಯಗಳಲ್ಲಿ ಹೋಲಿಕೆಗೆ ಮಾನದಂಡವೆಂದು ಇಡುವ ಸಿಸ್ಟೋನ್ ಎಂಬ ಗಿಡಮೂಲಿಕೆಯ ಮಾತ್ರೆಯನ್ನು ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಹರಳಿನ ರೋಗಿಗಳಿಗೆ ಒಂದು ವರ್ಷ ಕೊಟ್ಟು ನೋಡಿ 2011ರಲ್ಲಿ ಪ್ರಕಟಿಸಿದಾಗ, ಮೂತ್ರದ ರಚನೆಯಲ್ಲಿ ಗಮನಾರ್ಹ ಬದಲಾವಣೆ ಕಾಣಲಿಲ್ಲ, ಹರಳು ಕಡಿಮೆಯಾಗಲೂ ಇಲ್ಲ. ಹತ್ತೇ ರೋಗಿಗಳ ಪುಟ್ಟ ಅಧ್ಯಯನವಾದ್ದರಿಂದ ಅದನ್ನೇ ಕೊನೆಯ ತೀರ್ಪೆನ್ನಲಾಗದು. ಆದರೂ ಸ್ವತಃ ಮನುಷ್ಯರಲ್ಲಿ ಗಟ್ಟಿಯಾಗಿ ಸಾಬೀತಾಗದ ಒಂದು ಔಷಧವನ್ನು ಮಾನದಂಡವಾಗಿ ಇಟ್ಟುಕೊಂಡು ‘ನಮ್ಮ ಸಾರ ಅದಕ್ಕೆ ಸಮ’ ಎನ್ನುವುದರಿಂದ ಏನು ಸಾಧಿಸಿದಂತಾಯಿತು? ಇನ್ನೊಂದು ಕಡೆ ಬ್ರೆಜಿಲ್‌ನಲ್ಲಿ 69 ಹರಳಿನ ರೋಗಿಗಳಿಗೆ ಫಿಲಾಂಥಸ್ ನಿರೂರಿಯ ಸಾರವನ್ನು ಮೂರು ತಿಂಗಳು ಕೊಟ್ಟಾಗ, ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದವರಲ್ಲಿ ಅದು ಇಳಿಯಿತು. ಹರಳು ಕರಗಿತು ಎಂದಲ್ಲ, ಒಂದು ಗುಂಪಿನವರಲ್ಲಿ ಹರಳಾಗುವ ಒಂದು ಕಾರಣ ತಗ್ಗಿತು. ಇಂಥ ಸಣ್ಣ, ನಿರ್ದಿಷ್ಟ ಮಾತೇ ಬೆಲೆಯುಳ್ಳದ್ದು. ಸೋಂಕಿನ ವಿಷಯದಲ್ಲಿ ಎಲ್ಲಕ್ಕಿಂತ ಮುಂದೆ ಹೋದದ್ದು ಪಶ್ಚಿಮದ ಕ್ರ್ಯಾನ್‌ಬೆರಿ ಹಣ್ಣು. ಅದು ರೋಗಾಣುವನ್ನು ಕೊಲ್ಲುವುದಿಲ್ಲ, ಮೂತ್ರಕೋಶದ ಗೋಡೆಗೆ ಅಂಟಲು ಬಿಡುವುದಿಲ್ಲ. 50 ಅಧ್ಯಯನಗಳನ್ನು ಒಟ್ಟುಗೂಡಿಸಿದ 2023ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಪದೇ ಪದೇ ಸೋಂಕಾಗುವ ಹೆಂಗಸರಲ್ಲಿ ಮರುಸೋಂಕು ಸುಮಾರು ನಾಲ್ಕನೇ ಒಂದು ಭಾಗ ಕಡಿಮೆಯಾಗುತ್ತದೆ. ಅಗರ್ ತಟ್ಟೆಯ ಉಂಗುರವನ್ನಷ್ಟೇ ನೋಡುತ್ತಿದ್ದರೆ ಈ ಗುಣ ಕಣ್ಣಿಗೇ ಬೀಳುತ್ತಿರಲಿಲ್ಲ.

ಈ ಎಲ್ಲದರ ಪಕ್ಕದಲ್ಲಿ ನೀರನ್ನು ಇಟ್ಟು ನೋಡಿ. ಇಟಲಿಯಲ್ಲಿ ಮೊದಲ ಸಲ ಹರಳಾದ 199 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ ಕನಿಷ್ಠ ಎರಡು ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಲು ಹೇಳಿ, ಐದು ವರ್ಷ ಕಾದರು. ಹೆಚ್ಚು ನೀರು ಕುಡಿದವರಲ್ಲಿ ಶೇ. 12 ಜನರಿಗೆ, ಉಳಿದವರಲ್ಲಿ ಶೇ. 27 ಜನರಿಗೆ ಮತ್ತೆ ಹರಳಾಯಿತು. ಅದು ಪ್ರಕಟವಾದದ್ದು 1996ರಲ್ಲಿ. ಪದೇ ಪದೇ ಉರಿಮೂತ್ರವಾಗುವ, ನೀರು ಕಡಿಮೆ ಕುಡಿಯುವ 140 ಹೆಂಗಸರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ, ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚು ಕುಡಿದವರಿಗೆ ವರ್ಷದಲ್ಲಿ ಸರಾಸರಿ 1.7 ಸಲ, ಕುಡಿಯದವರಿಗೆ 3.2 ಸಲ ಸೋಂಕಾಯಿತು. ನಮ್ಮ ನಾಟಿ ವೈದ್ಯರು ಹರಳಿಗೆ ಕಾಡುಬಸಳೆಯ ಎಲೆಯನ್ನೋ ಹುರಳಿ ಕಟ್ಟನ್ನೋ ಹೇಳುವಾಗ, ಆಸ್ಪತ್ರೆಯ ವೈದ್ಯರು ಸಿರಪ್ ಬರೆಯುವಾಗ, ಇಬ್ಬರೂ ತಪ್ಪದೆ ಹೇಳುವ ಒಂದು ಮಾತು ‘ನೀರು ಛಲೋ ಕುಡೀರಿ’. ಆಮೇಲೆ ನೋವು ಹೋದರೆ ಹೆಸರು ಮಾತ್ರ ಎಲೆಗೆ, ಸಿರಪ್ಪಿಗೆ.

ಆಯುರ್ವೇದವನ್ನು ಇದಕ್ಕೆ ಎದುರು ನಿಲ್ಲಿಸುವುದು ತಪ್ಪಾದೀತು. ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ತಡೆಯಬಾರದ ಹದಿಮೂರು ವೇಗಗಳ, ಅಂದರೆ ದೇಹದ ಸಹಜ ಒತ್ತಡಗಳ, ಅಧ್ಯಾಯವೇ ಇದೆ. ಮೂತ್ರದ ವೇಗ ಅದರಲ್ಲಿ ಮೊದಲಿಗೇ ಬರುತ್ತದೆ. ತಡೆದರೆ ಮೂತ್ರಕೋಶದಲ್ಲಿ ನೋವು, ಕಷ್ಟದಿಂದ ಮೂತ್ರ, ತಲೆನೋವು ಎಂದು ಲಕ್ಷಣಗಳನ್ನೂ ಹೇಳಿದೆ. ಗಿಡಮೂಲಿಕೆ ಆ ಮೇಲಿನ ಮಾತು. ನಮ್ಮ ಪ್ರಯೋಗಾಲಯಗಳು ಪರಂಪರೆಯಿಂದ ಗಿಡವನ್ನು ಮಾತ್ರ ಎತ್ತಿಕೊಂಡು ಈ ಅಧ್ಯಾಯವನ್ನು ಬಿಟ್ಟುಬಂದಿವೆ. ಅದನ್ನು ಅಳೆಯಲು ಮೊಟ್ಟೆಯೂ ಇಲಿಯೂ ಬೇಡ ಎಂಬುದೇ ಬಹುಶಃ ಅದರ ದೋಷ.

ಹಾಗಾದರೆ ನಮ್ಮ ಮೂರು ಜಿಲ್ಲೆಗಳಲ್ಲಿ ಎಂಥ ಅಧ್ಯಯನ ಆಗಬೇಕು? ನನ್ನ ಮಟ್ಟಿಗೆ ಒಂದು ಹಂಗಾಮು, ಒಂದು ಕಷಾಯ, ಮೂರು ಗುಂಪು ಸಾಕು. ಒಂದು ಗುಂಪಿಗೆ ಕಷಾಯವೂ ನೀರೂ, ಇನ್ನೊಂದಕ್ಕೆ ಬಣ್ಣ ರುಚಿ ಹೋಲುವ ಸುಳ್ಳು ಕಷಾಯ ಮತ್ತು ಅಷ್ಟೇ ನೀರು, ಮೂರನೆಯದು ಈಗ ಹೇಗಿದೆಯೋ ಹಾಗೆ. ಮೊದಲ ಎರಡು ಗುಂಪುಗಳ ನಡುವಿನ ಅಂತರ ಗಿಡದ್ದು, ಎರಡು ಮತ್ತು ಮೂರರ ನಡುವಿನ ಅಂತರ ನೀರಿನದು. ಹೀಗೆ ಬೇರ್ಪಡಿಸದ ಹೊರತು ಯಾವ ಗಿಡದ ಗುಣವನ್ನೂ ಪ್ರಾಮಾಣಿಕವಾಗಿ ಹೇಳಲಾಗದು, ಮತ್ತು ಗಿಡಕ್ಕೆ ನಿಜವಾದ ಗುಣವಿದ್ದರೆ ಅದು ಹೊಳೆಯುವುದೂ ಇಂಥ ಪರೀಕ್ಷೆಯಲ್ಲೇ. ಅಳತೆಗೆ ದುಬಾರಿ ಯಂತ್ರ ಬೇಡ. ಮೂತ್ರದ ಸಾಪೇಕ್ಷ ಸಾಂದ್ರತೆಯನ್ನು ಕಾಗದದ ಪಟ್ಟಿಯೊಂದು ನಿಮಿಷದಲ್ಲಿ ತೋರಿಸುತ್ತದೆ, ಅದು 1.020 ದಾಟಿದರೆ ದೇಹಕ್ಕೆ ನೀರು ಸಾಲುತ್ತಿಲ್ಲ ಎಂಬ ಸೂಚನೆ. ಬೆಳಿಗ್ಗೆ ಕೊಯ್ತಾ ಹಿಡಿಯುವ ಮುನ್ನ ಒಮ್ಮೆ, ಸಂಜೆ ಟ್ರ್ಯಾಕ್ಟರ್ ತುಂಬಿದ ಮೇಲೆ ಒಮ್ಮೆ. ಅದೇ ಪಟ್ಟಿ ಸೋಂಕಿನ ಸುಳಿವನ್ನೂ ಕೊಡುತ್ತದೆ. ಹರಳಿಗೆ ಹಂಗಾಮಿನ ಮೊದಲು ಮತ್ತು ಕೊನೆಗೆ ಸ್ಕ್ಯಾನ್, ಮೂತ್ರಪಿಂಡದ ಕೆಲಸಕ್ಕೆ ರಕ್ತದ ಕ್ರಿಯಾಟಿನಿನ್.

ನೀರು ಕುಡಿಯಿರಿ ಎಂದು ಬರೆದುಕೊಡುವುದು ಸುಲಭ, ಕುಡಿದದ್ದು ಹೊರಗೆ ಹೋಗಲು ಜಾಗ ಬೇಕಲ್ಲ. ಕಾರ್ಖಾನೆಯ ಗೇಟಿನೊಳಗೆ ಕಾನೂನು ಇದನ್ನು ಕಂಡಿದೆ: 1948ರ ಕಾರ್ಖಾನೆಗಳ ಕಾಯ್ದೆಯ 18ನೇ ಸೆಕ್ಷನ್ ಕುಡಿಯುವ ನೀರಿನದು, 19ನೆಯದು ಶೌಚಾಲಯ ಮತ್ತು ಮೂತ್ರಾಲಯದ್ದು, ಪಕ್ಕಪಕ್ಕದಲ್ಲೇ ಇದ್ದವು. ಆ ಕಾಯ್ದೆಯ ಜಾಗದಲ್ಲಿ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆಯಲ್ಲೂ ಈ ಸೌಕರ್ಯಗಳ ಮಾತಿದೆ. ಸಕ್ಕರೆ ಕಾರ್ಖಾನೆಯ ಒಳಗೆ ಕಬ್ಬು ನುರಿಸುವವರಿಗೆ ಇರುವ ಈ ರಕ್ಷಣೆ, ಅದೇ ಕಬ್ಬನ್ನು ಹೊಲದಲ್ಲಿ ಕಡಿದು ಕಳಿಸುವ, ಆಳುಗಳನ್ನು ಕರೆತರುವ ಮುಕಾದಮನ ಮುಂಗಡಕ್ಕೆ ಬಿದ್ದ ಟೋಳಿಯವರ ಬದುವಿನವರೆಗೆ ಬಂದು ಮುಟ್ಟುವುದು ಕಷ್ಟ. ಕೇರಳದಲ್ಲಿ ಬಟ್ಟೆ ಅಂಗಡಿಗಳ ಹೆಂಗಸರು ಕೂರುವ ಮತ್ತು ಮೂತ್ರಕ್ಕೆ ಹೋಗುವ ಹಕ್ಕಿಗಾಗಿ ಕೋಯಿಕ್ಕೋಡಿನಲ್ಲಿ ಶುರುಮಾಡಿದ ಹೋರಾಟದ ನಂತರ ಅಲ್ಲಿಯ ಸರ್ಕಾರ 2018ರಲ್ಲಿ ಅಂಗಡಿಗಳ ಕಾಯ್ದೆಯನ್ನು ತಿದ್ದಿತು, ತಮಿಳುನಾಡು 2021ರಲ್ಲಿ ಕೂರುವ ಹಕ್ಕನ್ನು ಒಪ್ಪಿತು. ಹೊಲಕ್ಕೆ ಬೇಕಾದದ್ದು ಕಟ್ಟಡವೂ ಅಲ್ಲ. ಟೋಳಿಯ ಜೊತೆ ಸಾಗುವ ಟ್ರೇಲರಿನಲ್ಲಿ ನಾಲ್ಕು ಗಳ, ಒಂದು ತಾಡಪತ್ರಿ, ಒಂದು ಕ್ಯಾನ್ ನೀರು.

ಅಧ್ಯಯನದ ಪ್ರಶ್ನಾವಳಿಯಲ್ಲಿ ಸಾಮಾನ್ಯವಾಗಿ ವಯಸ್ಸು, ತೂಕ, ಆಹಾರ, ಹಿಂದಿನ ಕಾಯಿಲೆ, ಬಳಸಿದ ಗಿಡಮೂಲಿಕೆ ಎಂಬ ಅಂಕಣಗಳಿರುತ್ತವೆ. ಅದಕ್ಕೆ ಮೂರು ಅಂಕಣ ಸೇರಿಸಬಹುದು: ಇವತ್ತು ಹೊಲದಲ್ಲಿ ಎಷ್ಟು ತಂಬಿಗೆ ನೀರು ಕುಡಿದಿರಿ, ಕೊನೆಯ ಸಲ ಒಂದಕ್ಕೆ ಹೋದದ್ದು ಎಷ್ಟು ಗಂಟೆಗೆ, ಹೋದಾಗ ಮರೆ ಇತ್ತೇ. ಕೇಳುವವರು ಹೆಂಗಸರೇ ಆಗಿರಬೇಕು, ಲಂಬಾಣಿಯಲ್ಲೋ ಮರಾಠಿಯಲ್ಲೋ ಕೇಳಬಲ್ಲವರಾಗಿರಬೇಕು, ಮುಕಾದಮ ಪಕ್ಕದಲ್ಲಿ ನಿಂತಿರಬಾರದು. ಹಂಗಾಮು ನವೆಂಬರ್ ಹೊತ್ತಿಗೆ ಶುರುವಾಗುತ್ತದೆ; ನೈತಿಕ ಸಮಿತಿಯ ಒಪ್ಪಿಗೆಗೆ ಅರ್ಜಿ ಹಾಕುವವರು ಮುಂಗಾರಿನಲ್ಲೇ ಹಾಕಬೇಕು.